ಕೊಯ್ಯದ ಹೂವಿನ ಅರ್ಪಣೆ

ಮನೆಮಂದಿಯೊಡನೆ ಬೆಟ್ಟವನ್ನೇರುವುದು ಬರಿಯ ವಿಹಾರವೇ, ಅಥವಾ ಸಾಧನೆಯೂ ಆಗಬಲ್ಲುದೇ? ೨೦೨೨ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಶ್ರೇಣಿಯಲ್ಲಿ ನೀಲಕುರಿಂಜಿ ಅರಳಿದಾಗ ಜನರು ಮಕ್ಕಳುಮರಿಗಳೊಡನೆ ಅಲ್ಲಿಗೆ ನಡೆದರು. ಅಂಥ ಚೆಲುವನ್ನು ಕಂಡಾಗ ಕೊಯ್ಯಲು ಕೈ ಚಾಚುವುದು ಮನುಷ್ಯಸ್ವಭಾವ.

ಆದರೆ ಆ ಗಿಡದ ಧರ್ಮವನ್ನು ಅರಿಯಿರಿ. ಸುಮಾರು ೧೨ ವರ್ಷ ಹಸುರಾಗಿಯೇ ಬೆಳೆದು, ಒಮ್ಮೆ ಮಾತ್ರ ಹೂತು, ಬೀಜವನ್ನು ನೆಲಕ್ಕೊಪ್ಪಿಸಿ ಅದು ಅಳಿಯುತ್ತದೆ. ಮುಂದೆ ಅರಳುವುದು ಅದರ ಸಂತಾನ. ಕೊಯ್ದ ಹೂ ಬೀಜವಾಗಲಾರದು.

ಪೂಜೆಗೆಂದು ಕೊಯ್ದರೆ ದೋಷವೇನೆಂದು ಭಕ್ತರು ಕೇಳಬಹುದು. ಅಂಗಳದ ಮಲ್ಲಿಗೆಯ ಮಾತು ಬೇರೆ. ಆ ಬಳ್ಳಿ ಮತ್ತೆ ಮತ್ತೆ ಹೂಬಿಡುತ್ತದೆ. ಜನ್ಮಕ್ಕೊಮ್ಮೆ ಅರಳುವುದನ್ನು ಕೊಯ್ಯುವುದು ಮುಂದಿನವರ ಪಾಲನ್ನು ಕಸಿದಂತೆ. ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೂ ಮೂಗು ಅರಿತ ಗಂಧವನ್ನು ಆಚಾರಲಿಂಗಕ್ಕೂ ಅರ್ಪಿಸಬೇಕೆಂದು ಷಟ್‌ಸ್ಥಲಶಾಸ್ತ್ರವು ಕಲಿಸುತ್ತದೆ. ಹೀಗೆ ಅರ್ಪಿಸಲು ಹೂವು ಗಿಡದಿಂದ ಬೇರೆಯಾಗಬೇಕಿಲ್ಲ. ಅರ್ಪಿಸಿ ಸ್ವೀಕರಿಸಿದ ಸಂತೋಷ ಪ್ರಸಾದ; ಅರ್ಪಿಸದೆ ಉಂಡದ್ದು ಭೋಗ.

ಈ ಹೂವನ್ನು ೮ರ ಪ್ರಾಯದಲ್ಲಿ ಕಂಡ ಮಗು ಮತ್ತೆ ಕಾಣುವಾಗ ೨೦ರ ಹರೆಯದಲ್ಲಿರುತ್ತದೆ. ಕೈಹಿಡಿದು ನಡೆಸಿದ ಅಜ್ಜ ಆಗ ಇರಲಿಕ್ಕಿಲ್ಲ. ಆದುದರಿಂದ, ಓದುಗರೇ, ಬೆಟ್ಟದ ಮೇಲೆ ಮಕ್ಕಳ ಕೈಗೆ ಹೂವನ್ನು ಕೊಡಬೇಡಿರಿ. ಕೊಯ್ಯದೆ ನಲಿಯುವ ಬಗೆಯನ್ನು ಕಲಿಸಿರಿ. ಅಜ್ಜನ ತರುವಾಯವೂ ಉಳಿಯುವುದು ಅದೇ.