ಬೀಗದಕೈ ಯಾರ ಸೊಂಟದಲ್ಲಿ?

ಕೂಡು ಕುಟುಂಬದ ಸೊಸೆಗೆ ಅಧಿಕಾರ ಹಂಚಿಕೆಯ ಪಾಠ ಬೇರೆ ಹೇಳಬೇಕಾಗಿಲ್ಲ. ರೊಟ್ಟಿ ಬಡಿಯುವ ಕೆಲಸ ಅವಳದು, ಜೋಳದ ಕೋಣೆಯ ಬೀಗದಕೈ ಅತ್ತೆಯದು. ಮಕ್ಕಳು ಹಸಿದರೆ ಮಾತ್ರ ಬೈಗುಳ ಸೊಸೆಗೆ.

ನಮ್ಮ ಸಂವಿಧಾನವೂ ಕೆಲಸಗಳನ್ನು ಕೇಂದ್ರದ್ದು, ರಾಜ್ಯದ್ದು, ಇಬ್ಬರದ್ದೂ ಎಂದು ಮೂರು ಪಟ್ಟಿ ಮಾಡಿ ಹಂಚಿದೆ. ಆದರೂ ಕೆಲವು ಬೀಗದಕೈಗಳು ದಿಲ್ಲಿಯಲ್ಲೇ ಉಳಿದಿವೆ. ಆಳಂದ, ಅಫಜಲಪುರ, ಜೇವರ್ಗಿಯ ನಮಗೆ ಇದು ಚೆನ್ನಾಗಿ ಗೊತ್ತು. ನಿಜಾಮನ ಆಳ್ವಿಕೆಯಲ್ಲಿದ್ದ ನಾಡು 1956ರಲ್ಲಿ ಮೂರು ಪಾಲಾಯಿತು. ಮರಾಠವಾಡಕ್ಕೆ ಅದೇ ವರ್ಷ ಸಂವಿಧಾನದ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ತೆಲಂಗಾಣವಿದ್ದ ಆಂಧ್ರಪ್ರದೇಶಕ್ಕೆ 1973ರಲ್ಲಿ 371 (ಡಿ) ಬಂತು. ನಮಗೆ 371 (ಜೆ) ದಕ್ಕಿದ್ದು 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಮೇಲೆ. ಒಂದೇ ಮನೆಯ ಮೂವರಲ್ಲಿ ಕೊನೆಯ ಪಂಕ್ತಿ ನಮ್ಮದು.

ನಮ್ಮ ರಾಜ್ಯವೇ ಇದನ್ನು ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸರ್ಕಾರಿ ನೌಕರಿಗೆ ಇಂಥ ಕಡೆಯ ವಾಸಿಯೇ ಆಗಿರಬೇಕು ಎಂಬ ಕಾನೂನು ಮಾಡುವ ಅಧಿಕಾರವನ್ನು 16ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಬೆಂಗಳೂರು ಮನಸ್ಸು ಮಾಡಿದ್ದರೂ ಬೀಗದಕೈ ಅದರ ಬಳಿ ಇರಲಿಲ್ಲ. ಆದರೆ ಶಾಲೆಗೆ ಮಾಸ್ತರರನ್ನು, ಆಸ್ಪತ್ರೆಗೆ ವೈದ್ಯರನ್ನು ಕೊಡಲು ದಿಲ್ಲಿಯ ಅಪ್ಪಣೆ ಬೇಕಿರಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ ಅತಿ ಹಿಂದುಳಿದ 39 ತಾಲ್ಲೂಕುಗಳಲ್ಲಿ ಈ ಮೂರೂ ಇದ್ದವು. 'ಅದು ಅವರ ಕೆಲಸ' ಎಂದು ಒಬ್ಬರ ಮೇಲೊಬ್ಬರು ಹಾಕುವುದು ಸುಲಭ. ಅಧಿಕಾರ ಹಂಚಿಕೊಂಡವರು ಹೊಣೆಯನ್ನು ಹಂಚಿ ತೆಳ್ಳಗೆ ಮಾಡಬಾರದು.

ಈಗ ನಮ್ಮ ಭಾಗದ ನೌಕರಿಗಳಲ್ಲಿ ಶೇಕಡಾ 75ರಿಂದ 85, ಕಾಲೇಜು ಸೀಟುಗಳಲ್ಲಿ 70 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಸಂಸ್ಥೆಗಳಲ್ಲೂ ಶೇಕಡಾ 8 ಸೀಟು ನಮಗಿದೆ. ಹೆಚ್ಚು ಅಂಕ ತೆಗೆದೂ ಸೀಟು ತಪ್ಪಿಸಿಕೊಂಡ ಮಗನ ತಾಯಿ ಮೈಸೂರಿನಲ್ಲಿ ಕಣ್ಣೀರು ಹಾಕಿದರೆ ನಾವು ಏನು ಹೇಳಬೇಕು? ಅವಳ ಮಗ ಯಾವ ತಪ್ಪನ್ನೂ ಮಾಡಿಲ್ಲ. ಆದರೆ ಲೆಕ್ಕದ ಮಾಸ್ತರರಿಲ್ಲದೆ ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗನದಾದರೂ ಏನು ತಪ್ಪು? ಜ್ವರ ಬಿಟ್ಟೆದ್ದ ಕೂಸಿಗೆ ತುಪ್ಪ ಒಂದು ಚಮಚ ಹೆಚ್ಚು ಹಾಕುವುದು ಪಕ್ಷಪಾತವಲ್ಲ. ಕೂಸು ಗಟ್ಟಿಯಾಯಿತೇ ಎಂದು ನೋಡುತ್ತಲೂ ಇರಬೇಕು, ಅಷ್ಟೆ.

ಇಲ್ಲಿ ನಮ್ಮ ಪಾಲಿನ ಪ್ರಶ್ನೆಯೂ ಒಂದಿದೆ. ದಿಲ್ಲಿ ನ್ಯಾಯ ಕೊಡಲಿಲ್ಲ ಎಂದು ದಶಕಗಳ ಕಾಲ ಕೂಗಿದ ಮನೆಯಲ್ಲೇ ಮಗಳಿಗೆ ಕಾಲೇಜು ದೂರವಾಯಿತೆಂದು ಹತ್ತಕ್ಕೇ ಓದು ನಿಲ್ಲಿಸುತ್ತೇವೆ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗಿದ್ದರೂ ಎಷ್ಟೋ ಕಡೆ ಮಾತು ಗಂಡನದೇ. ಮೇಲಿನವರಿಂದ ಪಾಲು ಕೇಳುವ ನೈತಿಕ ಬಲ ಬರುವುದು ಕೆಳಗಿನವರಿಗೆ ಪಾಲು ಕೊಟ್ಟಾಗ. ದಿಲ್ಲಿಯಿಂದ ಅಷ್ಟು ದೂರ ಬಂದ ನ್ಯಾಯವನ್ನು ಹೊಸ್ತಿಲ ಹೊರಗೇ ನಿಲ್ಲಿಸುವುದು ಬೇಡ. ಈ ಬಾಗಿಲು ತೆರೆಯಲು ಸಂವಿಧಾನದ ತಿದ್ದುಪಡಿ ಬೇಕಿಲ್ಲ.