ಬ್ಯಾಟರಿಯ ತಳದ ಪಾಲು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಲ್ಲಿ ಕಾರು ಅಂದ್ರೆ ಆ ಮನೆಯವರದ್ದು ಮಾತ್ರ ಅಲ್ಲ. ಆರ್‌ಸಿಯಲ್ಲಿ ಹೆಸರು ಒಬ್ಬರದ್ದೇ ಇರುತ್ತೆ. ಆದರೆ ರಾತ್ರಿ ಹನ್ನೊಂದಕ್ಕೆ ಆಚೆಮನೆ ಅಜ್ಜನಿಗೆ ಎದೆನೋವು ಬಂದರೆ, ತೋಟದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಫೋನು ಬರೋದು ಕಾರಿದ್ದ ಮನೆಗೆ. 108ಕ್ಕೂ ಮಾಡ್ತಾರೆ. ಅದು ಮಣ್ಣುರಸ್ತೆ ಹುಡುಕಿಕೊಂಡು ಬರೋದರೊಳಗೆ ನಾವೇ ಹೊರಟುಬಿಡೋಣ ಅನ್ನೋದು ಎಲ್ಲರ ಲೆಕ್ಕ.

ಆ ಮನೆಗೆ ಇರೋ ಒಂದೇ ಗಾಡಿ ಎಲೆಕ್ಟ್ರಿಕ್ ಆದರೆ? ನಮ್ಮ ಮನೆಯಲ್ಲಿ ಈಗ ಹಾಗೇ ಇದೆ. ಸಿಕ್ಕವರೆಲ್ಲ ಕೇಳೋದು, “ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ ಮಾರಾಯ್ರೆ?” ಅಂತ. ನನ್ನನ್ನು ಕಾಡೋ ಪ್ರಶ್ನೆ ಬೇರೆ. ಬ್ಯಾಟರಿಯಲ್ಲಿರೋ ಚಾರ್ಜು ಪೂರ್ತಿ ನನ್ನದಾ?

ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತೆ. 30 ಯೂನಿಟ್ಟಿನ ಬ್ಯಾಟರಿಗೆ ಇಡೀ ರಾತ್ರಿ ಬೇಕು. ಆಷಾಢದ ಗಾಳಿಗೆ ಮರ ಬಿದ್ದು ಲೈನು ಹರಿದರೆ ದಿನಗಟ್ಟಲೆ ಕರೆಂಟೇ ಇರೋದಿಲ್ಲ. ಮೂರೂ ಪೇಟೆಗಳಿಂದ ಶಿವಮೊಗ್ಗ 60–75 ಕಿಲೋಮೀಟರ್. ಮಣಿಪಾಲಕ್ಕೆ ಹೋಗೋರು ಆಗುಂಬೆಯನ್ನೋ ಹುಲಿಕಲ್ ಘಾಟಿಯನ್ನೋ ಇಳೀಬೇಕು. ಇಳಿಯುವಾಗ ಸ್ವಲ್ಪ ಚಾರ್ಜು ವಾಪಸ್ ಬರುತ್ತೆ, ಹತ್ತುವಾಗ ಅದಕ್ಕಿಂತ ಹೆಚ್ಚು ಖರ್ಚಾಗುತ್ತೆ. ಹಾಗಾಗಿ ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಮಾಡಿಕೊಂಡಿದ್ದೇವೆ. ಅಂದರೆ ಕೆಲವು ಸಲ ಕಾರು ಕೊಟ್ಟಿಗೆಯಲ್ಲಿ, ನಾವು ಬಸ್ಸಿನಲ್ಲಿ.

ಮಗಳಿಗೆ ಇದು ಒಪ್ಪಿಗೆಯಿಲ್ಲ. “ಅಪ್ಪಾ, ನಾವು ಯಾರಿಗೂ ಮಾತು ಕೊಟ್ಟಿಲ್ವಲ್ಲ. ಬರದೇ ಇರೋ ಕಾಯಿಲೆಗೆ ಯಾಕೆ ಚಾರ್ಜ್ ಕೂಡಿಡಬೇಕು?” ಅಂತಾಳೆ. ತಳ್ಳಿಹಾಕುವ ಮಾತಲ್ಲ ಇದು. ಮುಯ್ಯಾಳಾಗಿದ್ದರೆ ಇವತ್ತು ನಾನು, ನಾಳೆ ನೀನು ಅನ್ನಬಹುದಿತ್ತು. ಎಂಬತ್ತು ದಾಟಿದ ಅಜ್ಜ ನಮಗೆ ಏನು ತೀರಿಸಬೇಕು? ಆಸ್ಪತ್ರೆ, ಆಂಬುಲೆನ್ಸು, ರಸ್ತೆ ನೆಟ್ಟಗಿದ್ದರೆ ಈ ಹೊಣೆ ನಮ್ಮ ಮೇಲೆ ಬೀಳ್ತಲೇ ಇರಲಿಲ್ಲ ಅನ್ನೋದೂ ನಿಜ. ಆದರೆ ಅದೆಲ್ಲ ಸರಿಹೋಗಲಿ ಅಂತ ಎದೆನೋವು ಕಾಯೋದಿಲ್ಲವಲ್ಲ.

ಪೆಟ್ರೋಲ್ ಕಾರಿದ್ದಾಗಲೂ ಈ ಹೊಣೆ ಇತ್ತು. ಕಾಣ್ತಿರಲಿಲ್ಲ, ಅಷ್ಟೆ. ಟ್ಯಾಂಕು ಖಾಲಿಯಾದರೆ ಬಂಕಿನಲ್ಲಿ ಐದು ನಿಮಿಷದಲ್ಲಿ ತುಂಬುತ್ತಿತ್ತು. ಎಲ್ಲರ ಆಪತ್ತಿನ ಪಾಲನ್ನು ಬಂಕಿನವರು ಕಾದಿಡ್ತಿದ್ದರು. ಈಗ ಆ ಪಾಲು ನಮ್ಮ ಕೊಟ್ಟಿಗೆಗೆ ಬಂದಿದೆ, ಡ್ಯಾಶ್‌ಬೋರ್ಡಿನಲ್ಲಿ ಅಂಕಿಯಾಗಿ ಕಾಣುತ್ತೆ.

ಮಾತು ಕೊಡದೆ ಹೊಣೆ ಹುಟ್ಟುತ್ತಾ ಅಂತ ಕೇಳೋಕೆ ನಮ್ಮ ಮೂರು ತಾಲ್ಲೂಕಿಗಿಂತ ತಕ್ಕ ಜಾಗ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಹೊಸನಗರದ ಮಾಣಿ ಜಲಾಶಯದ ನೀರು ಘಟ್ಟದ ಕೆಳಗಿನ ಹೊಸಂಗಡಿಯಲ್ಲಿ ಕರೆಂಟಾಗುತ್ತೆ. ನನ್ನ ಸಾಕೆಟ್ಟಿಗೆ ಬರೋದರಲ್ಲಿ ರಾಯಚೂರಿನ ಕಲ್ಲಿದ್ದಲಿನ ಪಾಲೂ ಇರಬಹುದು. ಗ್ರಿಡ್ಡಿನಲ್ಲಿ ಬೇರೆ ಮಾಡೋಕೆ ಬರೋದಿಲ್ಲ. ಆದರೆ ಈ ನೀರಿನ ತಳದಲ್ಲಿ ಮನೆ, ಗದ್ದೆ, ತೋಟ ಇದ್ದವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವರು ಕೊಡಲಿಲ್ಲ, ಅವರಿಂದ ತಗೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡ್ತಿದ್ದಾರೆ. ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲೀವರೆಗೆ, ಲಾಂಚು ನಿಂತ ಮೇಲೆ ಕಾಯಿಲೆ ಬಿದ್ದವರು ಸುತ್ತುದಾರಿ ಹಿಡೀಬೇಕಿತ್ತು.

ನಾನು ಅರ್ಧ ಬ್ಯಾಟರಿ ಉಳಿಸಿದ ಮಾತ್ರಕ್ಕೆ ಆ ಋಣ ತೀರೋದಿಲ್ಲ. ಅವರಿಗೆ ಸಲ್ಲಬೇಕಾದ್ದು ಭೂಮಿ, ಹಕ್ಕು. ಅದನ್ನು ಸರ್ಕಾರವೇ ಕೊಡಬೇಕು. ಆದರೆ ಕೇಳದೆ ಕಿತ್ತುಕೊಂಡಿದ್ದರ ಮೇಲೆ ನಡೆಯೋ ಕರೆಂಟು ಬಳಸ್ತಾ, “ನನ್ನನ್ನು ಕೇಳಿಲ್ಲ, ಹಾಗಾಗಿ ನನಗೆ ಹೊಣೆಯಿಲ್ಲ” ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ಮಗಳಿಗೂ ಇಷ್ಟೇ ಹೇಳಿದ್ದೇನೆ. ಅವಳು ಪೂರ್ತಿ ಒಪ್ಪಿಲ್ಲ.

ನೀವೂ ಇಂಥ ಕಾರು ತಗೊಳ್ಳೋ ಯೋಚನೆಯಲ್ಲಿದ್ದರೆ, ಶೋರೂಮಿನಲ್ಲಿ ಎಷ್ಟು ದೂರ ಹೋಗುತ್ತೆ ಅಂತ ಕೇಳಿ. ಮನೆಗೆ ಬಂದು, ಅದರಲ್ಲಿ ನಮ್ಮ ಪಾಲೆಷ್ಟು ಅಂತ ಕೂತು ಮಾತಾಡಿಕೊಳ್ಳಿ.