ಗಾಜಿನ ತೊಟ್ಟಿಯ ಧರ್ಮಸಂಕಟ

ಬೆಳಗ್ಗೆ ಮಾರುಕಟ್ಟೆಯಿಂದ ಬಂಗುಡೆ ತಂದು ಸಾರು ಮಾಡುವ ಮನೆಯವರೇ, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಒಂದು ಬಣ್ಣದ ಮೀನು ಕಾಯಿಲೆ ಬಿದ್ದರೆ ಊಟ ಬಿಟ್ಟು ಕೂರುವುದುಂಟು. ಇದನ್ನು ಕಂಡು ನಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಲ್ಲಿ ಕರಾವಳಿಯವರೂ ಇದ್ದಾರೆ, ಬಯಲುಸೀಮೆಯ ಶಾಕಾಹಾರಿಗಳೂ ಇದ್ದಾರೆ. ಹಾಗಾಗಿ ನಗು ಎರಡು ಕಡೆಯಿಂದಲೂ ಬರುತ್ತದೆ. ತಿನ್ನುವ ಮೀನಿಗಿಲ್ಲದ ಕನಿಕರ ನೋಡುವ ಮೀನಿಗೇಕೆ ಎಂಬುದು ಒಬ್ಬರ ಪ್ರಶ್ನೆ. ಅಷ್ಟು ಕನಿಕರವಿದ್ದರೆ ಸಾಕುವುದಾದರೂ ಏಕೆ ಎಂಬುದು ಇನ್ನೊಬ್ಬರದು. ಎರಡೂ ತಳ್ಳಿಹಾಕುವಂಥ ಪ್ರಶ್ನೆಗಳಲ್ಲವೆಂದು ತೋರಿದ್ದರಿಂದ ಈ ನಾಲ್ಕು ಮಾತು.

ಕಡಲ ಮೀನನ್ನು ಗಾಜಿನ ಹಿಂದೆ ನೋಡುವ ಸುಖವನ್ನು ಮುಂಬಯಿಗರಿಗೆ ಕಲಿಸಿದ್ದು 1951ರಲ್ಲಿ ಮರೀನ್ ಡ್ರೈವಿನಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯ. ಈಗ ಆ ಸುಖ ಉಪನಗರದ ಫ್ಲ್ಯಾಟುಗಳಿಗೂ ಬಂದಿದೆ. ಲೀಟರಿಗೆ ಸುಮಾರು 35 ಗ್ರಾಮಿನಂತೆ ಉಪ್ಪನ್ನು ನೀರಿನಲ್ಲಿ ಕದಡಿ, ಹವಳದ ಕಲ್ಲು ಜೋಡಿಸಿ, ಹಗಲಿರುಳೂ ಪಂಪು ಓಡಿಸಿ, ಒಂದು ಪುಟ್ಟ ಕಡಲನ್ನೇ ಕಟ್ಟಬೇಕು. ಕ್ಲೌನ್ ಮೀನಿನಂಥ ಕೆಲವನ್ನು ಮರಿ ಮಾಡಿಸಿ ಬೆಳೆಸುವ ವಿದ್ಯೆ ನಮ್ಮ ದೇಶದಲ್ಲೂ ಕೈಗೂಡಿದೆ. ಆದರೆ ಹವಳದ ದಿಬ್ಬಗಳ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿನಿಂದಲೇ ಹಿಡಿದು ತಂದವು.

ಇಂಥ ತೊಟ್ಟಿಗಳ ದೊಡ್ಡ ಪಿಡುಗೆಂದರೆ ಬಿಳಿಚುಕ್ಕೆ ರೋಗ. ಕ್ರಿಪ್ಟೊಕಾರಿಯಾನ್ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ. ಮೀನಿನ ಮೈಮೇಲೆ ಉಪ್ಪಿನ ಹರಳು ಅಂಟಿದಂತೆ ಕಾಣುತ್ತದೆ. ಆ ಪರೋಪಜೀವಿ ಮೂರರಿಂದ ಏಳು ದಿನ ಮೀನಿನ ಚರ್ಮದಲ್ಲಿ ಉಂಡು, ಆಮೇಲೆ ಕಳಚಿಕೊಂಡು, ಮರಳಿಗೋ ಕಲ್ಲಿಗೋ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಆಗ ಮೀನು ನಿರ್ಮಲವಾಗಿ ಕಾಣುತ್ತದೆ. ಮನೆಯವರು ವಾಸಿಯಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ಕೋಶದೊಳಗೆ ಅದು ಒಡೆದು ನೂರಾರು ಮರಿಗಳಾಗಿ ಹೊರಬರುತ್ತದೆ. ಈ ಮರಿಗಳಿಗೆ ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾವು ಖಂಡಿತ. ವಿಶಾಲವಾದ ಕಡಲಿನಲ್ಲಿ ಹೆಚ್ಚಿನವಕ್ಕೆ ಅದೇ ಗತಿ. ಮೀನು ಅಷ್ಟರಲ್ಲಿ ಎಲ್ಲಿಗೋ ಈಜಿ ಹೋಗಿರುತ್ತದೆ. ತೊಟ್ಟಿಯಲ್ಲಿ ಮೀನು ಎಲ್ಲಿಗೆ ಹೋದೀತು? ನೂರಾರು ಮರಿಗಳಿಗೆ ಅದೇ ಆರೆಂಟು ಮೀನು, ಮತ್ತೆ ಮತ್ತೆ.

ಈ ಕೊನೆಯ ಸಂಗತಿಯಲ್ಲಿ ನಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ಕಡಲಲ್ಲಿ ಸಣ್ಣ ಉಪದ್ರವವಾಗಿದ್ದುದು ಇಲ್ಲಿ ಮಾರಿಯಾಗಲು ಕಾರಣ ಗಾಜಿನ ಗೋಡೆ, ಮತ್ತು ಆ ಗೋಡೆ ನಮ್ಮದು. ತಿನ್ನುವವನ ಲೆಕ್ಕವನ್ನು ಅವನು ಬೇರೆಯಾಗಿ ಒಪ್ಪಿಸಲಿ. ಸಾಕುವವನ ಲೆಕ್ಕವೇ ಬೇರೆ. ಶತಪಥ ಬ್ರಾಹ್ಮಣದ ಮನುವಿನ ಕಥೆ ವಾಚಕರಿಗೆ ಗೊತ್ತಿದ್ದದ್ದೇ. ಕೈತೊಳೆಯುವ ನೀರಿನಲ್ಲಿ ಬಂದ ಮರಿಮೀನು ತನ್ನನ್ನು ಸಾಕೆಂದು ಬೇಡಿತು. ಮನು ಅದನ್ನು ಮೊದಲು ಕೊಡದಲ್ಲಿಟ್ಟ, ಬೆಳೆದಾಗ ಹೊಂಡ ತೋಡಿ ಅಲ್ಲಿಟ್ಟ, ಕೊನೆಗೆ ಕಡಲಿಗೆ ಒಯ್ದ. ಪ್ರಳಯದ ಮಾತನ್ನಷ್ಟೇ ನೆನಪಿಡುವ ನಾವು, ಮೀನಿಗೆ ಕೊಡ ಸಾಲದೆಂದು ಕಂಡಾಗ ಹೊಂಡ ತೋಡಿದ ಶ್ರಮವನ್ನು ಮರೆಯುತ್ತೇವೆ.

ಇನ್ನು, ಮೀನಿಗೆ ನೋವು ಉಂಟೇ ಎಂಬ ತರ್ಕ. ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತುಟಿಗೆ ಆಮ್ಲ, ಜೇನ್ನೊಣದ ವಿಷಗಳನ್ನು ಚುಚ್ಚಿ, ಅದರ ನಡತೆ ಬದಲಾಗುವುದನ್ನು ತೋರಿಸಿದರು. ಬ್ರಯನ್ ಕೀ ಎಂಬ ವಿಜ್ಞಾನಿ 2016ರಲ್ಲಿ, ನೋವನ್ನು ಅರಿಯಲು ಬೇಕಾದ ಮಿದುಳಿನ ರಚನೆ ಮೀನಿಗೆ ಇಲ್ಲವೆಂದು ವಾದಿಸಿದರು. ಸಂಶಯದ ಲಾಭ ಆರೋಪಿಗೆ ಸಲ್ಲಬೇಕೆಂಬುದು ನ್ಯಾಯಾಲಯದ ಪದ್ಧತಿ. ಇಲ್ಲಿ ಅದು ಮೂಕಪ್ರಾಣಿಗೆ ಸಲ್ಲಲಿ. ನಮ್ಮ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಮನುಷ್ಯನಲ್ಲದ ಯಾವ ಜೀವಿಯನ್ನೂ ಪ್ರಾಣಿಯೆಂದೇ ಎಣಿಸಿ, ಅದನ್ನು ವಶದಲ್ಲಿಟ್ಟುಕೊಂಡವನು ಅದರ ಕ್ಷೇಮಕ್ಕೆ ತಕ್ಕ ಕ್ರಮ ಕೈಗೊಳ್ಳತಕ್ಕದ್ದೆಂದು ವಿಧಿಸಿದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿದರ್ಶನ. ಡೊಂಬಿವಲಿಯಲ್ಲಿರುವ ನಮ್ಮ ಪರಿಚಯದ ಗೃಹಸ್ಥರೊಬ್ಬರ ತೊಟ್ಟಿಯಲ್ಲಿ ಏಳು ಮೀನು, ಎರಡು ಸಿಗಡಿ, ಒಂದು ಕಡಲಹೂವು ಇದ್ದವು. ಒಂದು ಭಾನುವಾರ ನೀಲಿ ಸರ್ಜನ್ ಮೀನೊಂದನ್ನು ತಂದು ನೇರವಾಗಿ ಬಿಟ್ಟರು. ವಾರದೊಳಗೆ ಚುಕ್ಕೆ ಕಂಡಿತು. ಎರಡು ಮೀನು ಸತ್ತವು. ಆಮೇಲೆ ಚುಕ್ಕೆಗಳು ಮಾಯವಾದವು. ಈಗಲೇ ಎಲ್ಲವನ್ನೂ ಯಾವುದಾದರೂ ಅಂಗಡಿಗೆ ಕೊಟ್ಟು ಬೇರೆ ಮೀನು ತಂದುಬಿಡಿ, ಯಾರಿಗೂ ತಿಳಿಯದು ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ನಮ್ಮ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ ಅಲ್ಲಿತ್ತು. ರೋಗ ಕಣ್ಣಿಗೆ ಕಾಣುವಾಗ ಮೋಸ ಮಾಡುವುದು ಕಷ್ಟ. ಕಾಣದಿರುವಾಗ ಬಲು ಸುಲಭ.

ಔಷಧವೇನೋ ಇದೆ: ತಾಮ್ರ. ಲೀಟರಿಗೆ ಸುಮಾರು 0.2 ಮಿಲಿಗ್ರಾಮಿನಷ್ಟು ತಾಮ್ರ ಮೂರು ನಾಲ್ಕು ವಾರ ನೀರಿನಲ್ಲಿ ನಿಂತರೆ ಈಜುವ ಮರಿಗಳು ಸಾಯುತ್ತವೆ. ಕಡಿಮೆಯಾದರೆ ನಿಷ್ಫಲ, ಹೆಚ್ಚಾದರೆ ಮೀನಿಗೇ ವಿಷ. ಆದರೆ ಅದೇ ತಾಮ್ರ ಸಿಗಡಿಯನ್ನೂ ಕಡಲಹೂವನ್ನೂ ಕೊಲ್ಲುತ್ತದೆ. ರೋಗವೇ ತಗಲದ ಸಿಗಡಿಯನ್ನು, ಅದು ಮೀನಿನಷ್ಟು ಚೆಂದವಿಲ್ಲವೆಂಬ ಕಾರಣಕ್ಕೆ ಬಲಿ ಕೊಡಬಹುದೆ? ಕೂಡದೆಂದೇ ನಮ್ಮ ಉತ್ತರ, ಏಕೆಂದರೆ ಅದನ್ನು ತಂದವರೂ ನಾವೇ. ಆ ಗೃಹಸ್ಥರು ದೊಡ್ಡ ಪ್ಲಾಸ್ಟಿಕ್ ಟಬ್ಬೊಂದನ್ನು ತಂದು, ಉಳಿದ ಆರು ಮೀನುಗಳನ್ನು ಅದಕ್ಕೆ ಸಾಗಿಸಿ ಔಷಧ ಕೊಟ್ಟರು. ಕೋಶಗಳು ಎಪ್ಪತ್ತು ದಿನ ಕಳೆದು ಒಡೆದದ್ದೂ ಉಂಟೆಂದು ಓದಿ, ಹನ್ನೊಂದು ವಾರ ದೊಡ್ಡ ತೊಟ್ಟಿಯಲ್ಲಿ ಮೀನೇ ಇಲ್ಲದಂತೆ ನೋಡಿಕೊಂಡರು.

ಆರರಲ್ಲಿ ಒಂದು ಮೀನು ಮಗ್ಗುಲಾಗಿ ಬಿದ್ದು, ಮೇವು ಮುಟ್ಟದೆ ನಾಲ್ಕು ದಿನ ಏದುಸಿರು ಬಿಡುತ್ತಿತ್ತು. ಲವಂಗದ ಎಣ್ಣೆ ಕಲಸಿದ ನೀರಿನಲ್ಲಿ ಅದನ್ನು ಮಲಗಿಸಿ, ಅರಿವು ತಪ್ಪಿಸಿ, ಸಾಯಲು ಬಿಟ್ಟರು. ಇದು ಸರಿಯೆ? ಮೇಲೆ ಹೇಳಿದ ಕಾಯಿದೆ, ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭದಲ್ಲಿ ಪ್ರಾಣಿಯನ್ನು ಕೊಲ್ಲಿಸಲು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ಆದರೆ ಮನೆಯಲ್ಲಿ ನ್ಯಾಯಾಧೀಶರೂ ನಾವೇ, ಕಕ್ಷಿದಾರರೂ ನಾವೇ. ಆದ್ದರಿಂದ ನಮ್ಮ ಬೇಸರವನ್ನು ಮೀನಿನ ನೋವೆಂದು ಕರೆಯದಂತೆ ಎಚ್ಚರವಿರಬೇಕು. ಪ್ರತ್ಯೇಕ ಇಡುವುದರಿಂದಲೇ ಉಳಿದವು ಬದುಕುವುದಾದರೆ, ಒಂದನ್ನು ಕೊಲ್ಲಲು ಉಳಿದವುಗಳ ಹೆಸರು ಹೇಳುವಂತಿಲ್ಲ. ಆ ಮೀನಿನದೇ ಸಂಕಟ, ಅದೂ ಆಸೆ ಬಿಟ್ಟ ಸಂಕಟ, ಕಾರಣವಾದರೆ ಮಾತ್ರ ಕೈಯೆತ್ತಬಹುದು. ಇಲ್ಲಿ ಕಾರಣ ಅದೇ ಆಗಿತ್ತೆಂದು ನಾವು ನಂಬುತ್ತೇವೆ. ಮುಂದೆ ಇನ್ನೊಂದು ಸತ್ತಿತು, ನಾಲ್ಕು ಉಳಿದವು.

ಅದಕ್ಕಿಂತ ಕಷ್ಟದ ಕೆಲಸ ಬೇರೆಯಿತ್ತು. ರೋಗ ಕಾಣುವ ಮುನ್ನ ಅವರು ನವಿಮುಂಬಯಿಯ ಇಬ್ಬರು ಹವ್ಯಾಸಿಗಳಿಗೆ ತಮ್ಮ ತೊಟ್ಟಿಯ ಕಲ್ಲು ಕೊಟ್ಟಿದ್ದರು. ಇಬ್ಬರಿಗೂ ಫೋನ್ ಮಾಡಿ ವಿಷಯ ತಿಳಿಸಿದರು. ಒಬ್ಬರ ತೊಟ್ಟಿಗೆ ಆಗಲೇ ರೋಗ ತಗಲಿತ್ತು. ಅವರು ಕೆಲವು ತಿಂಗಳು ಮಾತು ಬಿಟ್ಟರು. ಇನ್ನೊಬ್ಬರ ಮೀನುಗಳು ಉಳಿದವು.

ಸಾಂಕ್ರಾಮಿಕದಲ್ಲಿ ಮೌನವೂ ಒಂದು ಕೃತ್ಯ. ಕ್ವಾರಂಟೈನ್ ಎಂಬ ಶಬ್ದ ಹುಟ್ಟಿದ್ದೇ ವೆನಿಸ್ ಬಂದರಿನಲ್ಲಿ ಹಡಗುಗಳನ್ನು ನಲವತ್ತು ದಿನ ತಡೆದಿಡುತ್ತಿದ್ದ ಪದ್ಧತಿಯಿಂದ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ, ಮರುವರ್ಷದ ಸಾಂಕ್ರಾಮಿಕ ರೋಗಗಳ ಕಾಯಿದೆ ರೈಲು ಪ್ರಯಾಣಿಕರ ತಪಾಸಣೆಗೂ ಅಧಿಕಾರ ಕೊಟ್ಟಿತು. ಅದೇ ಕಾಯಿದೆಯನ್ನು 2020ರಲ್ಲಿ ಮತ್ತೆ ತೆಗೆದದ್ದನ್ನು ನಾವೆಲ್ಲ ಕಂಡಿದ್ದೇವೆ. 1990ರ ದಶಕದಲ್ಲಿ ನಮ್ಮ ಕರಾವಳಿಯ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆಯ ವೈರಸ್ ಬಂದಾಗಲೂ ಇದೇ ಪಾಠ: ರೋಗದ ಕೆರೆಯ ನೀರನ್ನು ಶುದ್ಧಿ ಮಾಡದೆ ಹೊಳೆಗೆ ಬಿಟ್ಟವನು ಪಕ್ಕದವನ ಕೆರೆಗೂ ರೋಗ ಕಳಿಸಿದಂತೆ.

ಕೆಲವರು ಬೇಸತ್ತು ಮೀನಿಗೆ ಬಿಡುಗಡೆ ಕೊಡುವ ಮಾತಾಡುತ್ತಾರೆ. ಕಡಲ ಮೀನನ್ನು ಥಾಣೆಯ ಸಿಹಿನೀರಿನ ಕೆರೆಗೆ ಬಿಟ್ಟರೆ ಅದು ಸಾವಿಗೇ ಬಿಟ್ಟಂತೆ. ಖಾಡಿಗೆ ಬಿಟ್ಟರೆ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಜಲಪ್ರದೇಶಕ್ಕೆ ಪರದೇಶದ ರೋಗವನ್ನು ಬಿಟ್ಟಂತಾದೀತು. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಲಯನ್ ಮೀನು, ಸಾಕಿದವರು ಹೊರಬಿಟ್ಟಿದ್ದರಿಂದಲೇ ಅಟ್ಲಾಂಟಿಕಿನ ಅಮೆರಿಕಾ ತೀರದಲ್ಲಿ ಹಬ್ಬಿ ಅಲ್ಲಿಯ ಮೀನುಗಳಿಗೆ ಮೃತ್ಯುವಾಗಿದೆಯೆಂದು ತಜ್ಞರ ಅಭಿಪ್ರಾಯ.

ಉಳಿದದ್ದು ಎರಡನೆಯ ಪ್ರಶ್ನೆ: ಸಾಕುವುದಾದರೂ ಏಕೆ? ಬೇಡವೆನ್ನುವವರ ಮಾತಿನಲ್ಲಿ ಬಲವಿದೆ. ಸಾಕುವವರು ಅದಕ್ಕೆ ಬಾಯಿಮಾತಿನ ಉತ್ತರ ಕೊಟ್ಟರೆ ಸಾಲದು. ನಮಗೆ ತೋರುವ ನಿಯಮ ಇಷ್ಟೆ. ಎರಡನೆಯ ತೊಟ್ಟಿಗೆ ಮನೆಯಲ್ಲಿ ಜಾಗವೂ ಮನಸ್ಸಿನಲ್ಲಿ ವ್ಯವಧಾನವೂ ಇಲ್ಲದವರು ಮೊದಲನೆಯ ತೊಟ್ಟಿಯನ್ನು ಇಡಬಾರದು. ಹೊಸ ಮೀನನ್ನು ಮೊದಲು ಕೆಲವು ವಾರ ಬೇರೆಯಾಗಿಟ್ಟು ಕಾಯಬೇಕು. ರೋಗ ಬಂದರೆ ಬಚ್ಚಿಡದೆ ಹೇಳಬೇಕು. ಇಷ್ಟು ಹೊಣೆ ಹೊರುವವರಿಗೆ ಗಾಜಿನಾಚೆಯ ಚೆಲುವನ್ನು ನೋಡುವ ಹಕ್ಕು ಕೊಂಚವಾದರೂ ಬಂದೀತು. ಮಿಕ್ಕವರು ಒಂದು ಭಾನುವಾರ ಕಡಲ ತೀರಕ್ಕೆ ಹೋಗಿ ಬರುವುದು ಮೇಲು.